ಒಳಚಿಲಕ

ಗಾಂಧಿ ಬಜಾರಿನ ಮೂಲೆಯಲ್ಲಿ, ಮಿಕ್ಸಿ ರಿಪೇರಿಯವನ ಪಕ್ಕ,
ಮೂರಡಿ ಅಗಲದ ಪೆಟ್ಟಿಗೆಯಂಗಡಿ ನನ್ನದು.
ಬೀಗ ಕೆಟ್ಟವರು, ಕೀ ಕಳಕೊಂಡವರು,
ಗಂಡನ ಬೀರುವಿನ ಕೀಯನ್ನು
ಸೋಪಿನ ಮೇಲೆ ಅಚ್ಚೊತ್ತಿ ತರುವವರು, ಎಲ್ಲ ಬರುತ್ತಾರೆ.
ಬೀಗದ ಸಾಬರ ಮನೆ ಎಂದರೆ
ಟ್ಯಾಂಕ್ ಮೊಹಲ್ಲಾದಲ್ಲಿ ಯಾರಾದರೂ ತೋರಿಸುತ್ತಾರೆ.
ಆ ಮನೆಯ ಬಚ್ಚಲಿಗೆ ಒಳಚಿಲಕವಿಲ್ಲ.

ಕಿತ್ತವನು ನಾನೇ.
ಜಬೀವುಲ್ಲನಿಗೆ ಆಗ ಹನ್ನೊಂದು.
ಹಂಡೆಯ ಪಕ್ಕ ಬಿದ್ದು ಸೆಟೆದು ಅದುರುತ್ತಿದ್ದ,
ಬಾಗಿಲು ಒಡೆಯಬೇಕಾಯಿತು.
ಅಂದಿನಿಂದ ಒಳಗೆ ಹೋದವರು ಹಾಡಬೇಕು, ಇಲ್ಲವೇ ಕೆಮ್ಮಬೇಕು.

ಬಿದ್ದಾಗಲೆಲ್ಲ ಜನ ಕೂಗುವುದು ಒಂದೇ:
ಕಬ್ಬಿಣ! ಕೈಗೆ ಕೀಗೊಂಚಲು ಕೊಡಿ!
ನಮ್ಮಂಗಡಿಯಲ್ಲಿ ಅದಕ್ಕೇನು ಬರ.
ಎಚ್ಚರಾದ ಮೇಲೆ ಅಂಗೈಯಲ್ಲಿ ಒತ್ತಿದ ಹಲ್ಲುಗಳನ್ನು ನೋಡಿ
"ಭಾಯಿ, ಇದು ಏಳು ಲಿವರಿನದು" ಎನ್ನುತ್ತಿದ್ದ.
ಸರಿಯಾಗಿಯೇ ಇರುತ್ತಿತ್ತು.

ನಾವು ಕಾಯದ್ದು ಯಾವುದು?
ತುಂಗೆಗೆ ಇಳಿಯಗೊಡಲಿಲ್ಲ.
ಕೋರ್ಪಲಯ್ಯನ ಛತ್ರದ ಮೆಟ್ಟಿಲಿಂದ ಗೆಳೆಯರು ಜಿಗಿದರೆ
ಇವನು ಮೇಲೆ ಕೂತು ಅವರ ಚಪ್ಪಲಿ ಕಾಯುತ್ತಿದ್ದ.
ಸೈಕಲ್ ಮಾರಿದೆವು. ಏಣಿಯನ್ನು ಪಕ್ಕದ ಮನೆಗೆ ಕೊಟ್ಟೆವು.
ರಂಜಾನಿನಲ್ಲಿ ಅಮ್ಮಿಯೇ ಅವನ ಉಪವಾಸ ಬಿಡಿಸಿದಳು,
ಮಾತ್ರೆಗೆ ನೀರು ಬೇಕಲ್ಲ, ಅಲ್ಲಾಹನಿಗೆ ಗೊತ್ತು ಎಂದು.
ನೀರು, ಬೆಂಕಿ, ಎತ್ತರ, ರಸ್ತೆ,
ಎಲ್ಲಕ್ಕೂ ಬೀಗ ಜಡಿದೆವು.
ದಿಂಬನ್ನು ಯಾರು ಅನುಮಾನಿಸುತ್ತಾರೆ?

ಮಾರ್ಚಿ ತಿಂಗಳ ಒಂದು ಬುಧವಾರ.
ಸಾಗರದ ಲಾಡ್ಜೊಂದರ ಮೂವತ್ತು ಬೀಗ ಬದಲಿಸಲು ಹೋದವನು
ನಾನು ಅಲ್ಲೇ ಉಳಿದೆ.
ಅವನು ಉಂಡಿದ್ದಾನೆ, ಬಾಳೆಹಣ್ಣು ತಿಂದಿದ್ದಾನೆ,
ಅಮ್ಮಿಯ ಫೋನಿನಲ್ಲಿ ಕೊನೆಯ ಓವರಿನವರೆಗೂ ಕ್ರಿಕೆಟ್ ನೋಡಿದ್ದಾನೆ.
ಬೆಳಗ್ಗೆ ಚಹಾ ತಂದವಳಿಗೆ ಕಂಡದ್ದು ಬೆನ್ನು.
ಬೋರಲು ಮಲಗಿದ್ದ. ಹೊದಿಕೆ ಕಾಲ ಬಳಿ ಮುದ್ದೆಯಾಗಿತ್ತು.
"ಇನ್ನೂ ಏಳಲಿಲ್ಲವಾ" ಎಂದು ಗದರಿ
ಲೋಟವನ್ನು ಕಿಟಕಿಯಲ್ಲಿಟ್ಟು
ಕೋಣೆಯ ಕಸ ಗುಡಿಸಿದಳು. ಪೂರಾ ಕೋಣೆ.
ಇವತ್ತಿಗೂ ಅಮ್ಮಿ ಹೇಳುವುದು ಆ ಕಸದ ಬಗ್ಗೆಯೇ.

ಮೆಗ್ಗಾನಿನಲ್ಲಿ ಕೊಯ್ದು ನೋಡಿದರು.
ಹೃದಯ ಸರಿ. ವಿಷವಿಲ್ಲ. ಪೆಟ್ಟಿಲ್ಲ.
ಯಾರೂ ಮುರಿಯದ ಬೀಗ, ತೆರೆದರೆ ಒಳಗೆ ಖಾಲಿ.
ಮಾತ್ರೆಯ ಪಟ್ಟಿಯಲ್ಲಿ ಒಂದು ಉಳಿದಿತ್ತು.
ಉಳಿಯಬೇಕಿತ್ತೋ ಇಲ್ಲವೋ,
ಎಣಿಸುತ್ತೇನೆ, ತಾರೀಖು ಕೂಡಿಬರುವುದಿಲ್ಲ.

ನಲವತ್ತು ದಿನ ಮುಗಿದ ಮೇಲೆ
ದುರ್ಗಿಗುಡಿಯ ಡಾಕ್ಟರ ಎದುರು ಕೂತೆ.
ಕನ್ನಡಕ ತೆಗೆದರು. "ಹೀಗೂ ಆಗುವುದುಂಟು.
ಫಿಟ್ಸ್ ಇರುವವರಲ್ಲಿ, ನಿದ್ದೆಯಲ್ಲೇ ಹೆಚ್ಚು,
ವರ್ಷಕ್ಕೆ ಸಾವಿರದಲ್ಲೊಬ್ಬರು. ಯಾಕೆಂದು ಪೂರ್ತಿ ತಿಳಿಯದು."
ಹನ್ನೆರಡು ವರ್ಷ ನಿಮ್ಮಲ್ಲಿಗೇ ಬಂದೆವಲ್ಲ, ಸರ್.
"ಹೇಳಿದ್ದರೆ ನಿಮಗೆ ನಿದ್ದೆ ಬರುತ್ತಿತ್ತಾ?"
ಬರುತ್ತಿರಲಿಲ್ಲ, ಅಂದೆ.
ಎಚ್ಚರ ಇರುತ್ತಿದ್ದೆ.

ಸಾವಿರಕ್ಕೊಂದು. ಆ ಲೆಕ್ಕ ನನಗೂ ಗೊತ್ತು.
ಸಾವಿರ ಬೀಗಕ್ಕೊಮ್ಮೆ
ಯಾರದೋ ಕೀ ಇನ್ಯಾರದೋ ಬೀಗದಲ್ಲಿ
ಎಣ್ಣೆ ಬಿಟ್ಟಂತೆ ಸಲೀಸಾಗಿ ತಿರುಗಿಬಿಡುತ್ತದೆ.
ಗಿರಾಕಿಗೆ ಅದನ್ನು ನಾವೂ ಹೇಳುವುದಿಲ್ಲ.

ಬಚ್ಚಲಿಗೆ ಇನ್ನೂ ಚಿಲಕ ಹಾಕಿಲ್ಲ.
ಅಮ್ಮಿ, ನಾನು, ಈಗಲೂ ಕೆಮ್ಮುತ್ತೇವೆ.

ಮೊನ್ನೆ ಭದ್ರಾವತಿ ಕಡೆಯ ಒಬ್ಬಾಕೆ ಬಂದಳು.
ಜೊತೆಗೆ ಒಂಬತ್ತರ ಹುಡುಗಿ, ಹಣೆಯ ಮೇಲೆ ಹೊಲಿಗೆ.
"ಹಳೇ ಕಬ್ಬಿಣದ ಕೀ ಇದ್ದರೆ ಕೊಡಿ, ಭಾರವಾದದ್ದು.
ಇವಳಿಗೆ ಆಗಾಗ..."
ಕೊಡಲಿಲ್ಲ. ಸ್ಟೂಲು ಎಳೆದು ಕೂರಿಸಿದೆ.
ಕೈಗೇನೂ ಕೊಡಬೇಡಿ, ಮಗ್ಗುಲಿಗೆ ಹೊರಳಿಸಿ.
ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ.
ರಾತ್ರಿ ಒಬ್ಬಳನ್ನೇ ಮಲಗಿಸಬೇಡಿ.

"ರಾತ್ರಿ ಯಾಕೆ?" ಎಂದಳು.

ಹುಡುಗಿ ನೇತುಹಾಕಿದ ಕೀಗಳನ್ನು
ಒಂದೊಂದಾಗಿ ಬೆರಳಲ್ಲಿ ತಟ್ಟುತ್ತಿದ್ದಳು. ಟಿಣ್. ಟಿಣ್.
ಹಳೆಯ ಕೀಗಳ ಡಬ್ಬಿ ಅವಳ ಕೈಗೆ ಕೊಟ್ಟು
ಆಚೆ ಕೂತು ಜೋಡಿ ಹುಡುಕು ಎಂದೆ.

ಆಮೇಲೆ ಹೇಳಿದೆ.