ಭಾನುವಾರ, ಕಬ್ಬಿಣ

ನಾಳೆ ಪೋಲಿಯೊ ಭಾನುವಾರ.
ಲಲಿತಾಕ್ಷಿಗೆ ಬೆಳಗ್ಗೆ ಏಳಕ್ಕೇ
ಭದ್ರಾವತಿ ಬಸ್‌ಸ್ಟ್ಯಾಂಡಿನ ಬೂತು.
ಮಕ್ಕಳು ನನ್ನ ಪಾಲು.
"ಮೊಬೈಲು ಕೊಟ್ಟು ಕೂರಿಸ್ಬೇಡಿ, ಏನಾದ್ರೂ ಕಲಿಸಿ,"
ಅಂದಳು, ಆಶಾ ಸೀರೆಗೆ ಇಸ್ತ್ರಿ ಹಾಕುತ್ತ.

ಏನು ಕಲಿಸಲಿ? ಎಸ್ಸೆಲ್ಸಿ ಎರಡು ಸಲ ಕಟ್ಟಿದವನು,
ಎರಡು ಸಲವೂ ಗಣಿತ ಕೈಕೊಟ್ಟಿತು.
ಗೊತ್ತಿರುವುದು ಒಂದೇ.
ಜನ್ನಾಪುರದ ಗೇಟು, ಗ್ರಿಲ್ಲು, ಕಿಟಕಿ ಸರಳುಗಳಲ್ಲಿ
ಅರ್ಧಕ್ಕರ್ಧ ನನ್ನ ಬೆಸುಗೆ.
ಕರೆಂಟು ಬಿಲ್ಲಿನ ಹಿಂಬದಿ ದಪ್ಪಕ್ಷರದಲ್ಲಿ ಬರೆದೆ:
ಕಬ್ಬಿಣದ ದಿನ.
ಕೆಳಗೆ ಎರಡು ಗೆರೆ, ಮೇಷ್ಟ್ರ ಹಾಗೆ.

ಒಂಬತ್ತಕ್ಕೆ: ಒಡೆದ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ
ಬೀದಿ ಮಣ್ಣಲ್ಲಿ ನಾಯಿಮರಿಯಂತೆ ಎಳೆಯುವುದು.
ಹತ್ತಕ್ಕೆ: ಮೂರು ಲೋಟ, ಮೂರು ಮೊಳೆ.
ಒಂದಕ್ಕೆ ನೀರು, ಒಂದಕ್ಕೆ ಎಣ್ಣೆ, ಒಂದಕ್ಕೆ ಬರೀ ಗಾಳಿ.
ಯಾವುದು ಮೊದಲು ತುಕ್ಕು ಹಿಡಿಯುತ್ತೆ? ಪಂದ್ಯ.
ಹನ್ನೊಂದಕ್ಕೆ: ಕಬ್ಬಿಣದ ಕಡಲೆ,
ಬಾಂಡ್ಲಿಯಲ್ಲಿ ಹುರಿದದ್ದು, ಉಪ್ಪು ಖಾರ ಹಚ್ಚಿ.
ನನ್ನ ಹಲ್ಲು ಮುರಿದ ಮಾತು
ಇವರ ಬಾಯಲ್ಲಾದರೂ ನುರಿಯಲಿ.
ಹನ್ನೆರಡಕ್ಕೆ: ಬಾಗಿಲಿಗೆ ಒತ್ತು ಕೊಟ್ಟ ಕಿಟ್ಟದ ಗಟ್ಟಿ,
ನನ್ನಪ್ಪ ಕುಲುಮೆಯಿಂದ ತಂದದ್ದು. ಅದರ ಕಥೆ.
ಗೊತ್ತಿಲ್ಲದ ಕಡೆ ಕಟ್ಟಿ ಹೇಳುವುದು.
ಒಂದಕ್ಕೆ: ಊಟ.
ಅಲ್ಲಿಗೆ ಬಿಲ್ಲಿನಲ್ಲಿ ಜಾಗ ಮುಗಿಯಿತು.

ಎಂಟೂವರೆಗೇ ಬಂದ ಪಕ್ಕದ ಮನೆ ಅಫ್ನಾನ್,
ಜೇಬಲ್ಲಿ ಸ್ವಂತದ್ದೊಂದು ಬೋಲ್ಟು.
ಮಣ್ಣಲ್ಲಿ ಎಳೆದ ಅಯಸ್ಕಾಂತಕ್ಕೆ ಕಪ್ಪು ಮೀಸೆ ಬಂತು.
"ಅಪ್ಪಾ, ರಸ್ತೆಗೆ ಗಡ್ಡ ಇದೆ!" ಇಂಚರ ಕೂಗಿದಳು.
ಸೋಡಾ ಮುಚ್ಚಳ, ಒಂದು ಕೂದಲ ಕ್ಲಿಪ್ಪು,
ಮತ್ತೆ ನಮ್ಮ ಅಂಗಡಿ ಮುಂದೆ
ಸಾಸಿವೆಯಷ್ಟು ಸಾಸಿವೆಯಷ್ಟು ಗುಂಡು:
ನನ್ನವೇ ಕಿಡಿಗಳು, ತಣ್ಣಗಾದವು.
ಇಷ್ಟು ವರ್ಷ ಉದುರಿದ್ದು ಎಲ್ಲಿ ಹೋಯಿತೆಂದು
ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಹತ್ತರ ಮೊಳೆ ಹನ್ನೊಂದಕ್ಕೂ ಮೊಳೆಯೇ.
"ತುಕ್ಕು ಯಾವಾಗ?"
"ನಾಳೆ."
"ನಾಳೆ ಶಾಲೆ!"

ಕಡಲೆ ಮುಗಿಯುವ ಹೊತ್ತಿಗೆ ಚಾರ್ವಿ, ಆರು ವರ್ಷ,
ಗೂಡಿನಿಂದ ಅಮ್ಮನ ಕೆಂಪು ಮಾತ್ರೆಯ ಹಾಳೆ ತಂದಳು.
"ಇದರಲ್ಲೂ ಕಬ್ಬಿಣವಂತೆ.
ಬಸುರಿ ಅಕ್ಕಂದಿರಿಗೆ ಅಮ್ಮ ಹೇಳ್ತಾಳೆ."
ಕಸಿದುಕೊಂಡೆ. ಆಮೇಲೆ ನಾನೇ ಒಂದನ್ನು ಪುಡಿಮಾಡಿ
ಅಯಸ್ಕಾಂತ ಹಿಡಿದೆ. ಒಂದು ಕಣವೂ ಏಳಲಿಲ್ಲ.
"ಸುಳ್ಳು ಮಾತ್ರೆ," ಇಂಚರ.
"ಸಾರಲ್ಲಿ ಉಪ್ಪು ಕಾಣುತ್ತಾ? ಹಾಗೆ," ಅಫ್ನಾನ್.
ಇಪ್ಪತ್ತು ವರ್ಷ ಕಬ್ಬಿಣ ಕರಗಿಸಿದವನು
ಬಾಯಿ ಮುಚ್ಚಿಕೊಂಡಿದ್ದೆ.

ಹಾಳೆಗೆ ಸುತ್ತಿದ ಚೀಟಿಯಲ್ಲಿ ಅವಳ ಹೆಸರು.
ರಕ್ತ: ಎಂಟು ಪಾಯಿಂಟ್ ಒಂಬತ್ತು.
ತಾರೀಖು ದೀಪಾವಳಿಯ ಹಿಂದಿನ ವಾರದ್ದು.
ಹತ್ತು ಮಾತ್ರೆಯ ಹಾಳೆಯಲ್ಲಿ ಎರಡೇ ತೂತು,
ಒಂದು ಈಗ ನಾನು ಮಾಡಿದ್ದು.
ಕೇರಿಗೆಲ್ಲ ಹಂಚುವವಳು.

ಕಿಟ್ಟದ ಕಥೆ ಬಾಗಿಲ ಬಳಿಯೇ ಉಳಿಯಿತು.
ಅಫ್ನಾನ್ ಮನೆಯ ಗಿಡದಿಂದ ನುಗ್ಗೆಸೊಪ್ಪು ಬಂತು.
ನಾಲ್ವರೂ ಕೂತು ಬಿಡಿಸಿದೆವು,
ಕಡ್ಡಿಯೇ ಹೆಚ್ಚು. ಬಾಂಡ್ಲಿ ಅದೇ.

ಐದೂವರೆಗೆ ಬಂದಳು, ಬೆರಳಿಗೆಲ್ಲ ಮಾರ್ಕರಿನ ಮಸಿ,
ಊರ ಮಕ್ಕಳ ಕಿರುಬೆರಳಿಗೆ ಹಚ್ಚಿ ಹಚ್ಚಿ.
ಚಪ್ಪಲಿ ಬಿಡಲೂ ಬಿಡದೆ ಚಾರ್ವಿ
ಅಮ್ಮನ ಮೊಣಕೈಯಿಂದ ಅಯಸ್ಕಾಂತ ಸರಿಸುತ್ತ ಬಂದಳು,
ಡಾಕ್ಟರಮ್ಮನ ಮುಖ ಮಾಡಿಕೊಂಡು.
ಇಲ್ಲ. ಇಲ್ಲ. ಇಲ್ಲ.
ಮಣಿಕಟ್ಟಿನ ಹತ್ತಿರ ಟಕ್ಕೆಂದಿತು.
ಬಳೆಗೆ ಸಿಕ್ಕಿಸಿದ್ದ ಎರಡು ಪಿನ್ನು.
"ಇದೆ! ಅಮ್ಮನಲ್ಲಿ ಇದೆ!"

ಅವಳು ನಕ್ಕಳು. ನನ್ನ ಕಡೆ ನೋಡಿದಳು,
ಏನು ಕಲಿಸಿದಿರಿ ಅನ್ನುವ ಹಾಗೆ.
ತಟ್ಟೆಗೆ ಪಲ್ಯ ಹಾಕಿದೆ, ಕಡ್ಡಿ ಆಯ್ದು.
ಮತ್ತೆ ಆ ಬಿಲ್ಲು ತೆಗೆದು
ಅಂಚಿನಲ್ಲಿ, ಅಡ್ಡಡ್ಡ, ಸಣ್ಣಕ್ಷರದಲ್ಲಿ ಬರೆದೆ:
ರಾತ್ರಿ ಒಂಬತ್ತಕ್ಕೆ: ಕೆಂಪು ಮಾತ್ರೆ. ದಿನಾ.
ಮೇಲ್ವಿಚಾರಣೆ: ಚಾರ್ವಿ.