ತೂಕಕ್ಕೆ ಸಿಗದ ಕಾಳು

ಕಪನೂರ ಇಂಡಸ್ಟ್ರಿಯಲ್ ಏರಿಯಾ, ಬ್ಯಾಳಿ ಮಿಲ್ಲಿನ ಗೇಟು.
ಲಾರಿ ತೂಗೋ ಕಾಟಾದ ಬಾಜೂಕ ಗಾಜಿನ ಖೋಲಿ,
ಅದರಾಗ ನನ್ನ ಕುರ್ಚಿ, ಹತ್ತೊಂಬತ್ತು ವರ್ಷ.
ತುಂಬಿದ ಲಾರಿ ಒಮ್ಮೆ, ಖಾಲಿ ಲಾರಿ ಒಮ್ಮೆ,
ಕಳೆದರೆ ಉಳಿಯೋದು ತೊಗರಿ.
ಈ ಲೆಕ್ಕ ನಿದ್ದಿಯೊಳಗೂ ನನಗ ತಪ್ಪಂಗಿಲ್ಲ.

ಡಾಕ್ಟರು ಅಂದರು: ಬಾಯಿ ತೆರೀರಿ,
ಮೂರು ಬೆರಳು ಕೂಡಿಸಿ ಒಳಗ ಹಾಕ್ರಿ.
ಎರಡು ಹೋದವು.
ಮೂರನೇದು ಹೊರಗೇ ನಿಂತಿತು,
ಕೀಲಿ ಹಾಕಿದ ಮನಿ ಮುಂದ ಬೀಗರು ನಿಂತಂಗ.
ಅವರು ಬೈಲಿಲ್ಲ. ಔಷಧದ ಹೆಸರಿನ ಕೆಳಗ
ಕನ್ನಡದಾಗ ಬರದರು: ಗುಟಕಾ ಬಿಡಬೇಕು.
ಬರಿಯೋದು ಎಷ್ಟು ಹಗುರ!
ಆ ಚೀಟಿ ಮಡಚಿ ಇಟ್ಟ ಕಿಸೇದಾಗೇ
ಇನ್ನೂ ಎರಡು ಪಾಕೀಟು ಇದ್ದವು.

ಆಣಿ ಹಿಂದೊಮ್ಮೆ ಮಾಡಿದ್ದೆ, ಮಗಳ ತಲಿ ಮ್ಯಾಲ ಕೈ ಇಟ್ಟು.
ನಾಕನೇ ದಿನ ಮುರದು, ಆಮ್ಯಾಲ
ಅಕಿಗೆ ಬರೇ ನೆಗಡಿ ಬಂದರೂ ನಡುಗಿದ್ದೆ.
ಈ ಸಲ ಆಣಿ ಬ್ಯಾಡ, ದಾರಿ ಬದಲಿಸಿದೆ.
ಖಾಜಾಸಾಬನ ಡಬ್ಬಾ ಅಂಗಡಿ ರಸ್ತಾ ಬಿಟ್ಟು
ಗ್ಯಾರೇಜಿನ ಹಿಂದಿನಿಂದ, ಹಂದಿ ಮಲಗೋ ಮೋರಿ ದಂಡಿಗುಂಟ
ಸೈಕಲ್ ಮ್ಯಾಲ ಒಂದೂವರೆ ಕಿಲೋಮೀಟರ್ ಹೆಚ್ಚು.
ಇದಕ್ಕ ಛಲ ಅಂತ ಯಾರೂ ಅನ್ನಂಗಿಲ್ಲ,
ಅವನ ಬಾಕಿ ಕೊಡೋದದೇನು ಅಂತ ಕೇಳ್ತಾರ.
ಒಂದಿನ ಖಾಜಾಸಾಬನೇ ಗೇಟಿಗೆ ಬಂದ.
"ಚನ್ನಮಲ್ಲಪ್ಪಣ್ಣ, ನನ್ನ ಮ್ಯಾಲ ಸಿಟ್ಟೇನ್ರಿ?"
ಇಲ್ಲಪಾ,
ನನ್ನ ಮ್ಯಾಲ.

ಮಧ್ಯಾಹ್ನ ಮೂರು ಅಂದರ ಕಠಿಣ ಹೊತ್ತು.
ಲಾರಿ ಸಾಲು ನಿಂತಿರತದ, ಹಾರನ್ನು, ಹೊಟ್ಟಿನ ಧೂಳು,
ನಾಲಿಗಿ ತಾನೇ ಹೋಗಿ ಎಡಗಲ್ಲದ ಮೂಲಿ ಹುಡುಕತದ,
ಮಾರಿದ ಹೊಲದ ಬದುವಿಗೆ ಎತ್ತು ತಿರುಗಿದಂಗ.
ಬಡೇಸೋಪು ಹಾಕ್ಕೊಂಡೆ. ಕಡಕ್ ರೊಟ್ಟಿ ಚೂರು ಹಾಕ್ಕೊಂಡೆ.
ಬಾಯಿ ಉರೀತು. ಉರೀಲಿ.
ಒಂದು ಲಾರಿ ದಾಟೋತನಕ ತಡಿ ಅಂದೆ.
ಆಮ್ಯಾಲ ಇನ್ನೊಂದು ಲಾರಿ.

ದಿನಕ್ಕೊಂದು ತೊಗರಿಕಾಳು ಹಳೇ ಡಬ್ಬ್ಯಾಗ.
ಮೊದಮೊದಲು ಅಲುಗಿಸಿದರ ಟಿಕ್ ಟಿಕ್,
ತಿಂಗಳಾದ ಮ್ಯಾಲ ಕೂಸಿನ ಗಿಲಕಿ.

ನಲವತ್ತೊಂದನೇ ರಾತ್ರಿ ಕರೆಂಟ್ ಹೋಯಿತು.
ಲಾತೂರಿನ ಡ್ರೈವರ್ ಕತ್ತಲದಾಗ ಕೈ ಚಾಚಿದ.
ಹೌದು ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ.
ಮೂರು ಬೆರಳಿಗೆ ತೆರೀದ ಬಾಯಿ,
ಅಂಗೈ ನೋಡಿದರ ಐದೂ ಬೆರಳು ತೆರೀತು.

ಉಗುಳಿ ಬಂದು, ಸಿಟ್ಟಿಲೆ ಡಬ್ಬಿ ತಂದು
ಕಾಟಾದ ಕಬ್ಬಿಣದ ಹಲಗಿ ಮ್ಯಾಲ ಸುರುವಿದೆ.
ಕರೆಂಟ್ ಬಂತು. ಕೆಂಪು ಅಂಕಿ: ಸೊನ್ನಿ.
ಹತ್ತು ಕಿಲೋಕ್ಕಿಂತ ಕಡಿಮಿ ಅದಕ್ಕ ಕಾಣಂಗಿಲ್ಲ.
ನಗು ಬಂತು. ಐವತ್ತು ಟನ್ ತೂಗೋ ಈ ಗಂಡಸಿಗೆ
ನನ್ನ ನಲವತ್ತು ದಿನ ಕಾಣಲಿಲ್ಲಲ್ಲ.
ಟಾರ್ಚ್ ಹಿಡಿದು, ಮೊಣಕಾಲೂರಿ ಆರಿಸಿದೆ.
ಮೂವತ್ತೇಳು ಸಿಕ್ಕವು,
ಮೂರು ಹಲಗಿ ಸಂದಿಗೆ ಬಿದ್ದು ಹೋದವು.
ಆ ರಾತ್ರಿಯ ಲೆಕ್ಕಕ್ಕ ಗೇಟಿನ ಮುಂದಿನದೊಂದು ಹರಳು
ಅದರಾಗೇ ಹಾಕಿ ಮುಚ್ಚಿದೆ.

ದೀಪಾವಳಿ ಮುಂದ ಶಂಕ್ರೆಮ್ಮ ಅಂದಳು,
"ಮಾಡದಾಗ ಡಬ್ಬಿ ಇತ್ತು ನೋಡ್ರಿ, ಚಿಟಿಕಿ ತೊಗರಿ,
ನೆನೆಹಾಕಿದ್ದರಾಗ ಕೂಡಿಸಿಬಿಟ್ಟೆ.
ಒಂದು ಹರಳಿತ್ತು, ತಗದು ಒಗದೆ."
ಹದಿನಾರು ವರ್ಷ ಮಿಲ್ಲಿನಾಗ ಆರಿಸಿದ ಕೈ ಅಕಿದು.
ನಾನು ಏನೂ ಹೇಳಲಿಲ್ಲ.
ಪುಂಡಿಪಲ್ಯದಾಗ ಕುದ್ದ ನೂರಾ ಹನ್ನೆರಡು ದಿನ
ರೊಟ್ಟಿ ಜೋಡಿ ತಿಂದೆ. ಖಾರ ಅಷ್ಟು ಹತ್ತಲಿಲ್ಲ.
ಕೈ ತೊಳೀವಾಗ ಬೆರಳು ಹಾಕಿ ನೋಡಿದೆ:
ಮೂರನೇದರ ಉಗುರು ಒಳಗ ಹೋಗಿತ್ತು.

ಮರುದಿನ ಮುಂಜಾನೆ ಡಬ್ಬಿ ಇಲ್ಲ, ಎಣಿಕಿ ಇಲ್ಲ.
ಎರಡು ದಾರಿ ಕೂಡೋ ಕಡೆ ಸೈಕಲ್ ನಿಂತಿತು.
ದೂರ ಖಾಜಾಸಾಬ ಅಂಗಡಿ ಮುಂದ ನೀರು ಹೊಡೀತಿದ್ದ,
ಕೈ ಎತ್ತಿದ. ನಾನೂ ಎತ್ತಿದೆ.
ಒಂದು ಕಾಲು ನೆಲದ ಮ್ಯಾಲ, ಒಂದು ಪೆಡಲ್ ಮ್ಯಾಲ.
ಮೋರಿ ಕಡೆಯ ವಾಸನಿ ಗಾಳಿ ಬಂತು.
ಆ ಕಡೆ ಹೊಳ್ಳಿಸಿದೆ.