ಹೂಂಗುಟ್ಟದವರು

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದ ಹೊತ್ತಿಗೆ
ನನ್ನ ರೀಚಾರ್ಜು, ಜೆರಾಕ್ಸು ಅಂಗಡಿಯ ಮೆಟ್ಟಿಲೇರಿ
ಮಂಡಕ್ಕಿ ಭಟ್ಟಿಯ ಹಾಜಿರಾಬಿ ಫೋನು ಚಾಚಿದಳು.
ಗಾಜಿನ ಮೇಲೆ ಬೂದಿ, ಉಪ್ಪು, ಅವಳ ಹೆಬ್ಬೆರಳು.
"ಓದು ಓಂಕಾರಣ್ಣ, ಏನಂತಾರ ನೋಡು."

ಓದಿದೆ:
ಈ ಖಾತೆಯಿಂದ ಇನ್ನು ಸಂದೇಶ ಕಳಿಸಲು ಅನುಮತಿ ಇಲ್ಲ.
ನಿಯಮಗಳ ಉಲ್ಲಂಘನೆ ಕಂಡುಬಂದಿದೆ.

"ಯಾರಿಗೆ ಕಂಡುಬಂತು?"

ಮತ್ತೆ ಓದಿದೆ. ಕಂಡವರ ಹೆಸರಿಲ್ಲ.
ತಾನೇ ಕಂಡು, ತಾನೇ ಬಂದಿತ್ತು, ಅಷ್ಟೆ.

ಅವಳ ತಪ್ಪು ಇಷ್ಟು:
ಬೆಳಗಿನ ಐದೂವರೆಗೆ, ಬಾಣಲೆಯ ಮರಳು ಕಾಯುವ ಹೊತ್ತಿಗೆ
ಹರಿಹರ, ಮಲೇಬೆನ್ನೂರು, ಜಗಳೂರು, ರಾಣೆಬೆನ್ನೂರು,
ನೂರಾ ಮೂವತ್ತೆಂಟು ಅಂಗಡಿಗೆ ಒಂದೇ ದನಿ:
"ಸಲಾಂ, ನಮಸ್ಕಾರ. ಇವತ್ತು ಚೀಲಕ್ಕ ಇಷ್ಟು. ಗಾಡಿ ಏಳಕ್ಕ ಬಿಡ್ತೈತಿ."
ಇಷ್ಟು ಜನಕ್ಕೆ ಒಂದೇ ಮಾತು ಮನುಷ್ಯರು ಆಡಲಾರರೆಂದು
ಎಲ್ಲೋ ಒಂದು ಯಂತ್ರ
ಇವಳನ್ನು ಯಂತ್ರ ಅಂದುಕೊಂಡಿತು.

ಆ ಕಂಪನಿಯೇ
ಭೂಮಂಡಲಕ್ಕೆಲ್ಲ ಒಂದೇ ದಿನ ಒಂದೇ ಮಾತು ಹೇಳುತ್ತದೆ:
ನಿಮ್ಮ ಗೋಪ್ಯತೆ ನಮಗೆ ಮುಖ್ಯ.
ನಾವು ನಿಯಮಗಳನ್ನು ಪರಿಷ್ಕರಿಸಿದ್ದೇವೆ.

ನಾವು.
ಮಠದ ಬುದ್ಧಿಯವರೂ ನಾವು ಅಂತಾರೆ;
ಆದರೆ ಎದುರು ಕೂತು ಕೆಮ್ಮಿದರೆ ಕಣ್ಣೆತ್ತಿ ನೋಡುತ್ತಾರೆ,
ಪ್ರಸಾದ ಆಯ್ತೇನಪ್ಪ ಎಂದು ಕೇಳುತ್ತಾರೆ.

ಮರುಪರಿಶೀಲನೆ ಎಂಬಲ್ಲಿ ಒತ್ತಿದೆ.
ಏನೋ ತಪ್ಪಾಗಿದೆ. ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.

ಹಾಜಿರಾಬಿ ನಕ್ಕೇಬಿಟ್ಟಳು.
"ನಮ್ಮ ಭಟ್ಟ್ಯಾಗ 'ಏನೋ' ತಪ್ಪಾಗಂಗಿಲ್ಲ ಅಣ್ಣ.
ಉಪ್ಪು ಹೆಚ್ಚಾದ್ರ ಹಾಕಿದಾಕಿ ನಾನು.
ಸೀದು ಹೋದ್ರ ಜರಡಿ ಹಿಡಿದ ಮಕ್ಬೂಲ.
ಬೈಸಿಕೊಳ್ಳಾಕ ಒಬ್ರಾದ್ರೂ ಇರ್ತಾರ."

ಗೇಟು ಎದ್ದಿತು, ಮತ್ತೆ ಬಿತ್ತು. ಆಮೇಲೆ ಪುಟ ತೆರೆಯಿತು.
"ಬರಿ: ನಾನು ಮನುಷ್ಯಳು.
ಮೂರು ಬಾಣಲೆ, ಆರು ಆಳು, ಒಂದು ಲಗೇಜ್ ಆಟೋ.
ಅನುಮಾನ ಇದ್ರ ಬಂದು ನೋಡ್ರಿ,
ಖಾರಾ ಮಂಡಕ್ಕಿ, ಮಿರ್ಚಿ ತಿಂದು ಹೋಗ್ರಿ."
ಅಕ್ಷರಗಳ ಮಿತಿ ಮೀರಿದೆ, ಅಂದಿತು ಪೆಟ್ಟಿಗೆ.
ಮೊದಲು ಮಿರ್ಚಿ ತೆಗೆದೆ.
ಆಮೇಲೆ ಆಟೋ, ಆಳುಗಳು.
'ನಾನು ಮನುಷ್ಯಳು' ಮಾತ್ರ ಹೇಗೋ ಹಿಡಿಸಿತು.

ಎರಡು ದಿನ ದನಿಯಿಲ್ಲ.
ಹಾಜಿರಾಬಿಗೆ ಏನಾದರೂ ಆಯಿತೇನೋ ಎಂದು
ಜಗಳೂರಿನ ಕೊಟ್ರಬಸಪ್ಪ ಬಸ್ಸು ಹತ್ತಿಯೇ ಬಂದ,
ಭಟ್ಟಿಯ ಬಾಗಿಲಲ್ಲಿ ನಿಂತು ಅವಳನ್ನು ಕಂಡು
ಏನೂ ಹೇಳದೆ ನಾಲ್ಕು ಚೀಲ ಹೆಚ್ಚು ಹೊರಿಸಿಕೊಂಡು ಹೋದ.

ಮೂರನೆಯ ರಾತ್ರಿ:
ಪರಿಶೀಲನೆ ಪೂರ್ಣಗೊಂಡಿದೆ. ನಿಮ್ಮ ತಾಳ್ಮೆಗೆ ಧನ್ಯವಾದಗಳು.
ಯಾಕೆ ಮುಚ್ಚಿದರು, ಯಾಕೆ ತೆರೆದರು,
ಅದು ಅವರಿಗೂ ಗೊತ್ತಿತ್ತೋ ಇಲ್ಲವೋ.

"ಇವರಿಗೊಂದು ಮಾತು ಹೇಳ್ಬೇಕಲ್ಲ" ಎಂದು
ಫೋನನ್ನು ತುಟಿಯ ಹತ್ತಿರ ತಂದಳು.
ಬೆರಳು ಒತ್ತುವ ಗುಂಡಿಗಾಗಿ ತಡಕಾಡಿತು.
ಇದ್ದದ್ದು ಬೂದು ಪಟ್ಟಿಯಲ್ಲಿ ಒಂದು ಸಾಲು:
ಇಲ್ಲಿ ಕಂಪನಿ ಮಾತ್ರ ಸಂದೇಶ ಕಳಿಸಬಹುದು.

ಆಗ ಅವಳು ಅವರಮ್ಮನ ಸುದ್ದಿ ತೆಗೆದಳು.
ರಾತ್ರಿ ಪಾಳಿಯಲ್ಲಿ ಭತ್ತ ಹರವುತ್ತ ಅಮ್ಮ ಕತೆ ಹೇಳುತ್ತಿದ್ದಳಂತೆ,
ಮಕ್ಕಳು ಹೂಂ ಅನ್ನಬೇಕು.
ಹೂಂ ನಿಂತರೆ ರಾಜನೂ ನಿಲ್ಲಬೇಕು, ಕುದುರೆಯ ಒಂದು ಕಾಲು ಮೇಲೆತ್ತಿಕೊಂಡೇ.
"ಇವರ ಕತೆ ನೋಡು, ಹೂಂ ಬೇಕಾಗಿಲ್ಲ" ಅಂದಳು,
ನನ್ನ ಹತ್ತು ರೂಪಾಯಿ ಎಣಿಸಿಕೊಟ್ಟು ಇಳಿದು ಹೋದಳು.

ಬೆಳಿಗ್ಗೆ ನನ್ನ ಫೋನಿಗೂ ಬಂತು ದನಿ.
ಯಾವಾಗ ಸೇರಿಸಿದಳೋ ಪಟ್ಟಿಗೆ.
ಹಿಂದೆ ಜರಡಿಯ ಸದ್ದು, ಸಿಡಿಯುವ ಅಕ್ಕಿಯ ಸದ್ದು.
"ಸಲಾಂ, ನಮಸ್ಕಾರ. ಚೀಲಕ್ಕ ಇಷ್ಟು.
ಕೇಳಿಸ್ತಾ? ಕೇಳಿಸಿದ್ರ ಹೂಂ ಅನ್ರಿ."

ನಾನೇನು ಮಂಡಕ್ಕಿ ವ್ಯಾಪಾರಿಯಲ್ಲ.
ಅರ್ಧ ಎತ್ತಿದ ಶಟರಿನ ಕೆಳಗೆ ಬಾಗಿ ನಿಂತೇ
ಹೂಂ ಅಂದೆ.